ಚೀನಿಕಾಯಿಗೊಬ್ಬ ಮದುವೆ ಬ್ರೋಕರ್

ಕೋಡಿಂಬಾಳದ ಸಮದ್ ಕಾಕನ ಅಂಗಳದಲ್ಲಿ ಬೆರ್ಚಪ್ಪ ಎದ್ದು ನಿಂತಿದ್ದಾನೆ. ಮೈಗೆ ಕಾಕ ಗಲ್ಫಿನಲ್ಲಿದ್ದಾಗ ಹಾಕುತ್ತಿದ್ದ ಹಳೇ ಕೋಟು, ತಲೆಗೆ ಮಣ್ಣಿನ ಮಡಕೆ. ಹೆಂಡತಿ ಮೈಮೂನಮ್ಮನ ಚೀನಿಕಾಯಿ, ಅಂದರೆ ಸಿಹಿಗುಂಬಳದ, ಬಳ್ಳಿಗೆ ಯಾರ ದೃಷ್ಟಿಯೂ ತಾಗದಂತೆ ಕಾಯುವುದು ಅವನ ಕೆಲಸ. ಬಳ್ಳಿ ತುಂಬ ಹೂವು. ಮಿಡಿಗಳು ಮಾತ್ರ ಹಳದಿಯಾಗಿ ಉದುರುತ್ತವೆ.

ಬಸುರಿ ಮಗಳು ಹಸ್ನಾ ತವರಿಗೆ ಬಂದಿದ್ದಾಳೆ. ಏನು ತಿಂದರೂ ವಾಂತಿ. ಉಮ್ಮನ ಕೈಯ ಚೀನಿಕಾಯಿ ಪದಾರ್ಥವೊಂದೇ ಅವಳ ಬಯಕೆ, ಅದೂ ಮನೆಯ ಬಳ್ಳಿಯದ್ದೇ ಆಗಬೇಕು!

ನೆರೆಮನೆಯ ಹರಿಣಾಕ್ಷಿ ಜೇನು ಸಾಕುವವಳು. ಬೆರ್ಚಪ್ಪನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಸಮದ್ ಕಾಕ, ಇದು ದೃಷ್ಟಿ ಅಲ್ಲ. ಬಳ್ಳಿಯಲ್ಲಿ ಗಂಡು ಹೂವೂ ಉಂಟು, ಹೆಣ್ಣು ಹೂವೂ ಉಂಟು. ಮದುವೆ ಮಾಡಿಸುವ ಬ್ರೋಕರೇ ಇಲ್ಲ!”

“ಎಂತ ಬ್ರೋಕರ್ ಮಾರಾಯ್ತಿ?”

“ಜೇನು! ಮುಜಂಟಿ, ತುಡುವೆ. ಗಂಡು ಹೂವಿನ ಹುಡಿ ಹೆಣ್ಣು ಹೂವಿಗೆ ಮುಟ್ಟಿಸುದು ಅವೇ. ಹೋದ ವರ್ಷ ‘ಕಾಡು ತೆಗೆಸಿದೆ’ ಅಂದ್ರಲ್ಲ, ತೆಗೆಸಿದ್ದು ಎಂತ? ತುಂಬೆ, ಕೇಪುಳ, ಗೋರಟೆ ಹೂವಿನ ಗಿಡ. ಅದೇ ಅವುಗಳ ಊಟ. ಸೋಣ ತಿಂಗಳಲ್ಲಿ ಹೊಸ್ತಿಲ ಪೂಜೆಗೆ ಇಡುವ ಹೂವಿಗೆ ನಾನೂ ಇಲ್ಲಿಗೇ ಬರ್ತಿದ್ದೆ. ಅದರ ಜಾಗದಲ್ಲಿ ಹಾಸಿದ ಈ ಲಾನಿನಲ್ಲಿ ಅವಕ್ಕೆ ತಿನ್ಲಿಕ್ಕೆ ಎಂತ ಉಂಟು?”

ಕಾಕನ ಮುಖ ಸಣ್ಣದಾಯಿತು. ಲಾನ್ ಎಂದರೆ ಅವರಿಗೆ ಪ್ರಾಣ. ಬೇಸಗೆಯಲ್ಲಿ ಬಾವಿ ತಳ ಕಂಡರೂ ಅದಕ್ಕೆ ನೀರು ತಪ್ಪಿಸಿದವರಲ್ಲ.

“ಗಿಡ ಬೆಳೆದ್ರೆ ಹಾವು ಬರ್ತದೆ. ಜೇನು ಕಚ್ತದೆ.”

“ಮುಜಂಟಿಗೆ ಮುಳ್ಳೇ ಇಲ್ಲ. ತುಡುವೆಯನ್ನು ಕೆಣಕದಿದ್ರೆ ಅದರ ಪಾಡಿಗೆ ಅದು. ಮೆಟ್ಟಿಲ ಹತ್ತಿರ, ನಡೆಯುವ ದಾರಿಯಲ್ಲಿ ಗಿಡ ಬೇಡ, ಬೇಲಿ ಬದಿಗೆ ನೆಡಿ. ಹುಲ್ಲು ಸಾಯುವ ಮದ್ದು ಮಾತ್ರ ಹೊಡಿಬೇಡಿ.”

ಹರಿಣಾಕ್ಷಿ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಮಿಡಿಯಿದ್ದ ಹೆಣ್ಣು ಹೂವಿಗೆ ಸವರಿದಳು.

“ಇವತ್ತು ನಾನೇ ಬ್ರೋಕರ್. ದಿನಾ ಬರ್ಲಿಕ್ಕೆ ಆಗ್ತದಾ ಹೇಳಿ?”

ಆ ಮಿಡಿ ಉದುರಲಿಲ್ಲ. ಕಾಕ ಬೆಳಿಗ್ಗೆ ಎದ್ದವರೇ ಅದನ್ನು ನೋಡಿ ಬರತೊಡಗಿದರು. ಅದು ಬಲಿತ ದಿನ ಹಸ್ನಾ ಎರಡು ಸಲ ಬಡಿಸಿಕೊಂಡು ಉಂಡಳು. ವಾಂತಿ ಬರಲಿಲ್ಲ. ಮೈಮೂನಮ್ಮನಿಗೆ ಆದ ಸಂತೋಷ ಹೇಳತೀರದು.

“ಉಪ್ಪ, ಲಾನ್ ನೋಡಿ ಯಾರ ಬಾಯಲ್ಲಾದ್ರೂ ನೀರು ಬರ್ತದಾ?” ಎಂದು ಅಪ್ಪನನ್ನು ಕೇಳಿದಳು ಹಸ್ನಾ.

ಕಾಕ ಲಾನಿನ ಮೇಲೊಮ್ಮೆ ಕಣ್ಣಾಡಿಸಿದರು. ಮಳೆ ಹಿಡಿದದ್ದೇ ಹಾರೆ ಹಿಡಿದರು. ಲಾನ್ ಕಿತ್ತು ಬಂತು, ಹರಿಣಾಕ್ಷಿ ಕೊಟ್ಟ ತುಂಬೆ, ಕೇಪುಳ, ಗೋರಟೆ ಬೇರೂರಿದವು.

ಮಳೆ ತುಸು ಇಳಿದ ಸೋಣ ತಿಂಗಳ ಹೊತ್ತಿಗೆ ಅಂಗಳದಲ್ಲಿ ಜೇನಿನ ಗುಂಯ್ ಗುಂಯ್. ಹೊಸ ಬಳ್ಳಿ ಬೆರ್ಚಪ್ಪನ ಹೆಗಲೇರಿತ್ತು, ಕೋಟಿನ ಕಿಸೆಯ ಪಕ್ಕ ಚೀನಿಕಾಯಿ ನೇತಾಡುತ್ತಿತ್ತು. ಹುಲ್ಲು ಕತ್ತರಿಸುವ ರಿತೇಶ ಮಿಶನ್ ಹೊತ್ತು ಬಂದು ಚಾಲೂ ಮಾಡಿದ.

“ಕಾಕ, ಕಾಡು ತೆಗೆಯುದಾ?”

ಕಾಕ ಕೈ ಅಡ್ಡ ಹಿಡಿದು ಓಡಿ ಬಂದರು. “ಮಿಶನ್ ಬಂದ್ ಮಾಡು ಮಾರಾಯ! ಅದು ಕಾಡಲ್ಲ, ನಮ್ಮ ಬ್ರೋಕರ್‌ಗಳ ಊಟದ ಮನೆ!”

ಓದುವವರೇ, ನೀವೂ ‘ಕಾಡು’ ತೆಗೆಸುವ ಮೊದಲು ಒಮ್ಮೆ ಬಗ್ಗಿ ನೋಡಿ. ಲಾನ್ ಇದ್ದರೆ ಒಂದು ಚಾಪೆ ಹಾಸುವಷ್ಟು ಜಾಗದಲ್ಲಾದರೂ ನಮ್ಮೂರ ಹೂಗಿಡ ನೆಡಿ. ಮದುವೆ ಜೇನು ಮಾಡಿಸುತ್ತದೆ, ಊಟ ನಿಮಗೆ.