ನೇಪಾಳದಲ್ಲಿ ನಾನು ರೊಟ್ಟಿ ಬಡಿಯಲಿಲ್ಲ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಖಾನಾವಳಿ ಇದೆ. ಗಲ್ಲಾದ ಮುಂದೆ ನಮ್ಮ ಮನೆಯವರು ವೀರಭದ್ರಯ್ಯ ಕೂರುತ್ತಾರೆ, ಒಲೆಯ ಮುಂದೆ ನಾನು ಕೂರುತ್ತೇನೆ. ಬೋರ್ಡಿನ ಮೇಲೆ ಅವರ ಹೆಸರಿದೆ. ಊಟಕ್ಕೆ ಬರುವವರು ಮಾತ್ರ ನಾಗಲಿಂಗಮ್ಮನ ರೊಟ್ಟಿ ಎಂದೇ ಕೇಳುತ್ತಾರೆ. ಅದಕ್ಕೆ ಅವರಿಗೆ ಒಳಗೊಳಗೇ ಉರಿ.

ಮದುವೆಯಾಗಿ ಬಂದಾಗಿನಿಂದ ರೊಟ್ಟಿ ಬಡಿದಿದ್ದೇನೆ. ಜ್ವರ ಬಂದರೂ ಬಡಿದಿದ್ದೇನೆ, ಅಪ್ಪನನ್ನು ಮಣ್ಣು ಮಾಡಿ ಬಂದ ಮರುದಿನವೂ ಬಡಿದಿದ್ದೇನೆ. ಹಾಗಾಗಿ ಕೊಟ್ಟೂರಿನ ಗುರುಶಾಂತ ಕಾಶಿಯ ಮೇಲೆ ಹಾಯ್ದು ನೇಪಾಳಕ್ಕೆ ಯಾತ್ರೆಯ ಬಸ್ಸು ಬಿಡುತ್ತಾನೆ, ಹೋಗೋಣ ಎಂದು ಇವರು ಹೇಳಿದಾಗ ಒಂದೇ ಷರತ್ತು ಹಾಕಿದೆ.

"ಬರ್ತೀನ್ರಿ. ಆದ್ರ ವಾಪಸ್ ನಮ್ಮ ಹೊಸ್ತಿಲ ತುಳಿಯೂ ತನಕ ನಾನು ಹಿಟ್ಟು ಮುಟ್ಟಂಗಿಲ್ಲ."

"ಆತು ಬಿಡು, ಮಾತು ಕೊಟ್ಟೆ. ಅಡಿಗಿಯವ ಇರ್ತಾನ, ನಿನ್ನ ಯಾರು ಕೇಳ್ತಾರ?" ಎಂದು ನಕ್ಕರು. ನಾನು ನಗಲಿಲ್ಲ.

ಬಸ್ಸಿನ ಸುಖ ಏನು ಹೇಳಲಿ! ಹೊಸಪೇಟೆ ದಾಟುವಷ್ಟರಲ್ಲೇ ಸೊಂಟ ಹಿಡಿಯಿತು. ಮುಂದಿನ ಸೀಟಿನ ಇಟ್ಟಿಗಿಯ ಶಿವಯೋಗಪ್ಪ ಸೀಟು ಹಿಂದಕ್ಕೆ ಬಾಗಿಸಿ, ನನ್ನ ಮಡಿಲಲ್ಲೇ ಮಲಗಿದವನ ಹಾಗೆ ಗೊರಕೆ ಹೊಡೆಯುತ್ತಿದ್ದ. ಕಿಟಕಿಗಳ ತುಂಬಾ ಒದ್ದೆ ಪಂಚೆ, ಒದ್ದೆ ಟವೆಲ್ಲು. ಗಂಡಸರಿಗೇನು, ಬಸ್ಸು ನಿಂತಲ್ಲೆಲ್ಲ ಒಂದು ಮರ ಇರುತ್ತದೆ. ನಾವು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ಪೆಟ್ರೋಲ್ ಬಂಕಿನ ದಾರಿ ಕಾಯಬೇಕು. ಛತ್ರಗಳಲ್ಲಿ ಹೆಂಗಸರನ್ನೆಲ್ಲ ಒಂದೇ ಕೋಣೆಗೆ ತುರುಕುತ್ತಿದ್ದರು. ಹರಪನಹಳ್ಳಿಯ ಪಂಪಮ್ಮನ ಮೊಣಕಾಲು ನನ್ನ ಬೆನ್ನಿಗೆ ಕಾಯಂ ಆಯಿತು. ಪಾಪ, ಒಳ್ಳೆಯ ಹೆಂಗಸು, ಹಗಲೆಲ್ಲ ನನ್ನನ್ನು ನಗಿಸುತ್ತಿದ್ದಳು.

ಇಷ್ಟೆಲ್ಲ ಆದರೂ ನನಗೆ ಖುಷಿಯೋ ಖುಷಿ. ಯಾರೋ ಮಾಡಿದ್ದನ್ನು ಯಾರೋ ತಟ್ಟೆಗೆ ಹಾಕಿ ಕೈಗೆ ಕೊಡುತ್ತಿದ್ದರು. ಅಡುಗೆಯ ಪಾಲಣ್ಣ ಸಾರಿಗೆ ಉಪ್ಪು ಜಾಸ್ತಿ ಹಾಕಿದರೂ ನಾನು ಚಕಾರ ಎತ್ತಲಿಲ್ಲ. ಕಿಟಕಿಯಾಚೆ ಭಾಷೆ ಗೊತ್ತಿಲ್ಲದ ಊರುಗಳು ಓಡುತ್ತಿದ್ದವು. ನನ್ನ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಉಗುರ ಸಂದಿಯ ಹಿಟ್ಟು ಪೂರ್ತಿ ಹೋಗಿದ್ದನ್ನು ಕಂಡು ಪಂಪಮ್ಮನಿಗೂ ತೋರಿಸಿದೆ.

ಗಡಿಯ ಸೋನೌಲಿಯಲ್ಲಿ ಪಾಲಣ್ಣನಿಗೆ ಫೋನು ಬಂತು. ಚಿಗಟೇರಿಯಲ್ಲಿ ಅವನ ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. "ಹೋಗಪಾ, ಮೊದ್ಲು ಆಕೀನ್ನ ನೋಡ್ಕ" ಎಂದು ಕಳಿಸಿದವಳು ನಾನೇ. ಅವನು ಗೋರಖಪುರಕ್ಕೆ ಹೋಗಿ ರೈಲು ಹತ್ತಿದ, ನಾವು ನೇಪಾಳದೊಳಗೆ ಹೋದೆವು. ಗುರುಶಾಂತನೂ ಡ್ರೈವರನೂ ಸೇರಿ ಕುಕ್ಕರಿನಲ್ಲಿ ಅನ್ನ, ಸಾರು ಮಾಡಿ ಹಾಕಿದರು. ಪೋಖರಾ ಸೇರುವ ಹೊತ್ತಿಗೆ, ಎಲ್ಲರೂ ಮನೆಯಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ ಮುಗಿದಿತ್ತು. ಬಸ್ಸಿನ ಡಿಕ್ಕಿಯಲ್ಲಿ ಜೋಳದ ಹಿಟ್ಟಿನ ಚೀಲ ಮಾತ್ರ ಹಾಗೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಛತ್ರದ ಮಾಳಿಗೆ ಹತ್ತಿ ಹಿಮದ ಬೆಟ್ಟ ನೋಡುತ್ತಾ ನಿಂತಿದ್ದೆ. ಬಿಸಿಲು ಬಿದ್ದು ತುದಿ ಕೆಂಪಾಗಿತ್ತು. ಕಣ್ಣಲ್ಲಿ ನೀರು ಬಂತು, ಯಾಕೆಂದು ಕೇಳಬೇಡಿ. ಅಷ್ಟರಲ್ಲಿ ಕೆಳಗಿನ ಅಂಗಳದಿಂದ ಇವರ ದನಿ.

"ರೊಟ್ಟಿ ಚಿಂತಿ ಬಿಡು ಗುರುಶಾಂತ. ನಮ್ಮಾಕಿ ಅದಾಳಲ್ಲ! ಇಡೀ ಬಸ್ಸಿಗೆ ಬಡಿತಾಳ."

ಜನ ಚಪ್ಪಾಳೆ ಬೇರೆ ತಟ್ಟಿದರು. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಇಳಿದು ಬರುವಷ್ಟರಲ್ಲಿ ಗ್ಯಾಸ್ ಹಚ್ಚಿ, ಹಂಚಿಟ್ಟು, ಪರಾತಕ್ಕೆ ಹಿಟ್ಟು ಸುರಿದು, ನನಗೊಂದು ಮಣೆಯನ್ನೂ ಹಾಕಿಬಿಟ್ಟಿದ್ದರು.

"ನಾನು ಬಡಿಯಂಗಿಲ್ಲ" ಎಂದೆ.

ಗುರುಶಾಂತ ಕೈ ಮುಗಿದ. "ಅಕ್ಕಾರ, ಹಂಗನ್ನಬ್ಯಾಡ್ರಿ. ಮಂದಿಗೆ ಅನ್ನ ತಿಂದು ತಿಂದು ಬಾಯಿ ಕೆಟ್ಟೈತಿ. ಒಂದ್ ಹೊತ್ತಷ್ಟ."

"ನಾನೂ ಎಲ್ಲಾರಂಗ ಚಾರ್ಜ್ ಕೊಟ್ಟು ಬಂದೀನಪಾ. ಅಡಿಗಿಯಾಕಿ ಅಂತ ಬಂದಿಲ್ಲ."

ಇವರು ನನ್ನನ್ನು ಪಕ್ಕಕ್ಕೆ ಕರೆದರು. ಮುಖ ಕೆಂಪಗಾಗಿತ್ತು. "ಎಲ್ಲಾರ ಮುಂದ ಮಾತು ಕೊಟ್ಟೀನಿ. ನನ್ನ ಮರ್ಯಾದಿ ಕಳೀಬ್ಯಾಡ."

"ನನಗ ಕೊಟ್ಟ ಮಾತು ಏನಾತ್ರಿ? ಮನಿಯಾಗ ಹೆಂಡ್ತಿಗೆ ಕೊಟ್ಟದ್ದು ಮಾತಲ್ಲೇನು?" ನಾನು ದನಿ ತಗ್ಗಿಸಲಿಲ್ಲ. "ಇವರಿಗೆ ಮಾತು ಕೊಟ್ಟೋರು ನೀವು. ನೀವ ಬಡೀರಿ."

"ಇಷ್ಟು ಮಂದಿ ಕೇಳಿದ್ರೂ ಇಲ್ಲ ಅಂತಾಳಲ್ಲ, ಎಂಥಾ ಹೆಣ್ಮಗಳಪ್ಪ ಈಕಿ!" ಎಂದ ಶಿವಯೋಗಪ್ಪ. ಪಂಪಮ್ಮ ಮೆಲ್ಲಗೆ ನನ್ನ ಸೆರಗು ಜಗ್ಗಿದಳು.

"ಬಾ ಅಕ್ಕ, ನಾನೂ ಕೈ ಹಾಕ್ತೀನಿ. ಬೇಗ ಮುಗೀತೈತೆ."

"ನೀ ಬೇಕಾದ್ರ ಹೋಗವ್ವ. ನಾ ತಪ್ಪು ತಿಳಿಯಂಗಿಲ್ಲ" ಎಂದು ಎದುರಿನ ಕಟ್ಟೆಯ ಮೇಲೆ ಕೂತೆ. ಹೊರಗೆ ಎಲ್ಲಾದರೂ ಹೋಗಬಹುದಿತ್ತು. ಎಲ್ಲರಿಗೂ ಕಾಣುವ ಹಾಗೆ ಕೂರಬೇಕೆನಿಸಿತು.

ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಗೊತ್ತಿಲ್ಲದ ದೇಶ. ಇವರೆಲ್ಲ ಮಾತು ಬಿಟ್ಟರೆ ಅಷ್ಟುದ್ದದ ದಾರಿಯನ್ನು ಮೂಕಿಯ ಹಾಗೆ ಕಳೆಯಬೇಕು. ಗಂಡನ ಸಿಟ್ಟು ಊರಿನವರೆಗೂ ಜೊತೆಗೇ ಬರುತ್ತದೆ. ಆದರೆ ಈಗ ಎದ್ದು ಆ ಮಣೆಯ ಮೇಲೆ ಕೂತರೆ, ನಾನು ರೊಟ್ಟಿ ಬಡಿಯದೆ ಇರುವಂಥ ಜಾಗ ಈ ಭೂಮಿಯ ಮೇಲೆ ಇನ್ನೆಲ್ಲಿದೆ? ಗಡಿ ದಾಟಿ ಬಂದರೂ ಒಲೆ ನನ್ನ ಹಿಂದೆಯೇ ಬಂದಿತ್ತು. ಇಲ್ಲ, ಏಳುವುದಿಲ್ಲ, ಏನು ಮಾಡುತ್ತಾರೋ ಮಾಡಲಿ.

ಪಂಪಮ್ಮ ಹಿಟ್ಟು ನೋಡಿದಳು, ನನ್ನನ್ನು ನೋಡಿದಳು, ಬಂದು ನನ್ನ ಪಕ್ಕ ಕೂತಳು. ಉಳಿದ ಹೆಂಗಸರೂ ಹಿಟ್ಟಿನ ಹತ್ತಿರ ಹೋಗಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ನಮ್ಮ ಮನೆಯವರೇ ಪಂಚೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತರು. ಹಿಟ್ಟಿಗೆ ಎಸರು ಹುಯ್ಯಲು ಹೋಗಿ ಕೈ ಸುಟ್ಟುಕೊಂಡರು. ಬಡಿದ ಮೊದಲ ರೊಟ್ಟಿ ಎತ್ತುವಾಗಲೇ ಹರಿಯಿತು, ಎರಡನೆಯದು ಹಂಚಿನ ಮೇಲೆ ಹರಿಯಿತು. ಶಿವಯೋಗಪ್ಪ ಕಿಸಕ್ಕೆಂದ.

"ನಗಬ್ಯಾಡಲೇ. ಬಾ, ನೀನೂ ಕುಂದ್ರು" ಎಂದು ಇವರು ಗದರಿದರು. ಅವನೂ ಬಂದು ಕೂತ. ಎಸರು ಸಾಲದು ಎಂದು ಹೇಳಲು ನನ್ನ ಬಾಯಿ ತುರಿಸುತ್ತಿತ್ತು. ತಡೆದುಕೊಂಡೆ.

ಬಹಳ ಹೊತ್ತಿನ ಮೇಲೆ ಯಾವ ಆಕಾರವೆಂದು ಹೇಳಲಾಗದ ಒಂದು ರೊಟ್ಟಿ ಹಂಚಿನಿಂದ ಇಡಿಯಾಗಿ ಇಳಿಯಿತು. ಇವರು ಅದನ್ನು ತಟ್ಟೆಗೆ ಹಾಕಿ, ಕಾಯುತ್ತಿದ್ದವರನ್ನೆಲ್ಲ ದಾಟಿ ನೇರ ನನ್ನ ಬಳಿ ತಂದು ಹಿಡಿದರು. ಸುಟ್ಟ ಬೆರಳಿಗೆ ಹಿಟ್ಟು ಮೆತ್ತಿತ್ತು. ಅಂಗಳದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಒಂದು ಮಾತು ಹೊಗಳಲಿ ಎಂದು ಇವರು ಕಾಯುತ್ತಿದ್ದುದು ಗೊತ್ತಾಗುತ್ತಿತ್ತು. ಮುರಿದು ಬಾಯಿಗಿಟ್ಟೆ. ಬಿಸಿಬಿಸಿ ಇತ್ತು. ಅಗಿದು ನುಂಗಿದೆ.

"ನಡುವ ಹಸಿ ಐತ್ರಿ" ಎಂದು ತಟ್ಟೆಯನ್ನು ಅವರ ಕೈಗೇ ಕೊಟ್ಟೆ. "ಇನ್ನೊಂದು ಬೇಯಿಸ್ಕೊಂಡು ಬರ್ರಿ."