ಅವಳ ಮಗ್ಗುಲು

"ನಾಲ್ಕು ಗಂಟೆ ಬಸ್ಸಿಗೆ ಹೊರಡ್ತೀನಿ," ಎಂದು ಹೆಂಡತಿ ಜನರೇಟರಿನ ಸದ್ದಿಗಿಂತ ಗಟ್ಟಿಯಾಗಿ ಕೂಗಿ, ಬಟ್ಟೆಗಳನ್ನು ಚೀಲಕ್ಕೆ ತುರುಕಿದಳು. "ಸ್ವಲ್ಪ ದಿನ ತಂಗಿ ಮನೇಲಿ ಇರ್ತೀನಿ. ಈ ತಲೆನೋವು ನನ್ನ ಕೈಲಾಗಲ್ಲ ರೀ."

ಗಂಡ ಫಿಟ್ಟರ್. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಎಂಜಿನ್ ಬಿಚ್ಚಿ ಕಟ್ಟಿದವನು, ನಿವೃತ್ತನಾದ ಮೇಲೆ ಹಳೆಯ ವ್ಯಾನಿನಲ್ಲಿ ಎರಡು ಮಂಚ, ಒಲೆ, ಪುಟ್ಟ ಏಸಿ ಕೂರಿಸಿ, ಊರೂರು ಸುತ್ತೋಣವೆಂದು ಅವಳನ್ನು ಹೊರಡಿಸಿದ್ದ. ಏಸಿಗೆ ಕರೆಂಟು ಕೊಡುವ ಜನರೇಟರ್ ಹಿಂಬದಿಯ ಗೂಡಿನಲ್ಲಿತ್ತು. ಅದು ಶುರುವಾದರೆ ತಟ್ಟೆ ಲೋಟಗಳೆಲ್ಲ ಕುಣಿಯುತ್ತಿದ್ದವು.

"ಹೊಗೆ ಬರುತ್ತೆ ಅಂದ್ರೆ ನೀವೆಲ್ಲಿ ಕೇಳ್ತೀರ?"

"ನಂಗೆ ಬರಲ್ವಲ್ಲೇ! ಸುತ್ತಾಟ ಸಾಕಾಯ್ತು ಅಂತ ನೇರವಾಗಿ ಹೇಳು. ಪಾಪ, ಅದರ ಮೇಲೆ ಯಾಕೆ ಗೂಬೆ ಕೂರಿಸ್ತೀಯ?"

"ಅದಕ್ಕೊಂದು ಮಾತಂದ್ರೆ ಆಗಲ್ಲ ನಿಮಗೆ. ಸವತಿ ಅದು ನಂಗೆ," ಎಂದು ಅವಳು ಇಳಿದು ಹೋಗಿ ಮರದ ಕೆಳಗೆ ಕೂತಳು.

ಎಲ್ಲಿದೆ ಹೊಗೆ, ನೋಡೇಬಿಡೋಣ ಎಂಬ ಹಟಕ್ಕೆ ಅವನು ಹಿಂದಿನ ಮಂಚದಲ್ಲಿ, ಅವಳ ದಿಂಬಿಗೆ ತಲೆಯಿಟ್ಟು ಮಲಗಿದ. ಐದು ನಿಮಿಷಕ್ಕೆ ಕಣ್ಣು ಉರಿಯಿತು. ಹತ್ತಕ್ಕೆ ಕಪಾಲ ಸಿಡಿಯತೊಡಗಿತು. ಎದ್ದು ನಿಂತರೆ ಕಾಲು ತಡವರಿಸಿತು. ಹೇಗೋ ಹೋಗಿ ಜನರೇಟರ್ ಆರಿಸಿದ.

ಜನರೇಟರಿನ ಹೊಗೆಕೊಳವೆ ತಣ್ಣಗಾದ ಮೇಲೆ ಅದರ ಬಾಯಿಗೆ ಬಟ್ಟೆ ಸುತ್ತಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತ, ಅದು ಎಂಜಿನ್ನಿಗೆ ಸೇರುವ ಜೋಡಣೆಯ ಮೇಲೆ ಸೋಪಿನ ನೀರು ಸುರಿದ. ಬುಳುಬುಳು ಗುಳ್ಳೆ ಎದ್ದಿತು. ಹೊಗೆ ಸೋರದಂತೆ ಒಳಗೆ ಹಾಕಿದ್ದ ಪ್ಯಾಕಿಂಗ್ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಸುಟ್ಟು, ಈಗ ಪೂರ್ತಿ ಪುಡಿಯಾಗಿತ್ತು. ಅದರ ನೇರಕ್ಕೆ, ಗೂಡಿಗೂ ಮಂಚಕ್ಕೂ ನಡುವಿನ ಹಲಗೆಯಲ್ಲಿ ಬೆರಳು ತೂರುವಷ್ಟು ಬಿರುಕು. ಬಿರುಕಿನಾಚೆ ಅವಳ ದಿಂಬು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದವರಿಗೆ, "ಮಲಗಿದವರು ಮಲಗಿದ ಹಾಗೇ ಹೋಗ್ತಾರೆ ಕಣ್ರೋ," ಎಂದು ಡಿಪೋದಲ್ಲಿ ಬೈಯುತ್ತಿದ್ದವನು ಅವನೇ.

ಮರದ ಬಳಿಗೆ ಹೋಗಿ ನಿಂತ. "ನಿನ್ನ ಮಂಚದಲ್ಲಿ ಮಲಗಿದ್ದೆ. ಹತ್ತು ನಿಮಿಷ ತಡೆಯೋಕಾಗಲಿಲ್ಲ."

"ನಾನು ಹನ್ನೊಂದು ತಿಂಗಳು ತಡೆದೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆದರೂ ಬಸ್ಸಿಗೆ ಹೊರಟಳು. ಚೀಲ ಅವನೇ ಹೊತ್ತ.

ಎಂಟು ದಿನ ಅವನಿಗೆ ಬೇರೆ ಕೆಲಸವಿರಲಿಲ್ಲ. ಹೊಸ ಪ್ಯಾಕಿಂಗ್ ಹಾಕಿದ, ಬಿರುಕಿಗೆ ತಗಡು ಬಡಿದು ಸಂದು ಮುಚ್ಚಿದ. ಗುಜರಿ ಕಾರಿನ ಸೈಲೆನ್ಸರ್ ತಂದು ಜೋಡಿಸಿ, ಕೊಳವೆಯನ್ನು ಚಾವಣಿಗಿಂತ ಮೇಲಕ್ಕೆ ಏರಿಸಿದ. ಜನರೇಟರಿನ ಕಾಲಿಗೆ ದಪ್ಪ ರಬ್ಬರ್ ಕೊಟ್ಟ. ಗೂಡಿನೊಳಗೆಲ್ಲ ಬೆಂಕಿ ಹತ್ತದ ಹಾಸು ಹೊದಿಸಿದ. ಮೊದಲ ಸಲ ಗಾಳಿಗೆ ದಾರಿ ಬಿಡದೆ ಮುಚ್ಚಿದ್ದರಿಂದ ಎಂಜಿನ್ ಕಾದು ನಿಂತುಹೋಯಿತು. ತನ್ನನ್ನೇ ಬೈದುಕೊಂಡು ಕಿಂಡಿ ಕೊರೆದ. ಕೊನೆಗೆ, ವಿಷಗಾಳಿ ಬಂದರೆ ಅರಚುವ ಅಲಾರಂ ಒಂದನ್ನು ಅವಳ ದಿಂಬಿನ ಪಕ್ಕ ಸಿಕ್ಕಿಸಿದ.

ಅವಳು ಬಂದ ದಿನ, ಕೇಳುವ ಮೊದಲೇ, "ಮೂರು ಮಧ್ಯಾಹ್ನ ಅಲ್ಲೇ ಮಲಗಿ ನೋಡಿದೀನಿ," ಎಂದ. "ಬೇಕಾದ್ರೆ ನೀನು ಮುಂದಿನ ಮಂಚ ತಗೋ."

"ಬೇಡ. ಕಿಟಕಿ ಇರೋದು ನನ್ನ ಕಡೇನೇ." ಗೋಡೆಗೆ ಅಂಗೈಯೊತ್ತಿ ಅದುರುವಿಕೆ ನೋಡಿದಳು. ಹೊದಿಕೆ ಎಳೆದುಕೊಂಡು ಮಲಗಿದಳು.

ಅವನು ಹೊರಗೆ ಸ್ಟೂಲಿನ ಮೇಲೆ ಕೂತ. ಜನರೇಟರ್ ಒಂದೇ ಸಮನೆ ಗುಂಯ್ಗುಡುತ್ತಿತ್ತು.

ಸ್ವಲ್ಪ ಹೊತ್ತಿಗೆ, "ತಲೆ ನೋಯ್ತಿದೆಯೇನೇ?" ಎಂದು ಕೇಳಿದ.

ಉತ್ತರ ಬರಲಿಲ್ಲ. ಎದ್ದು, ಕಿಟಕಿಯಲ್ಲಿ ಇಣುಕಿದ. ಹೊದಿಕೆ ಮೇಲೇರಿ ಇಳಿಯಿತು. ಅದು ಮತ್ತೊಮ್ಮೆ ಏರುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.