ಇಪ್ಪತ್ತಕ್ಕೊಂದು ಅಂಗಿ

ಈ ಮನೆಯ ಚರಿತ್ರೆಯಲ್ಲಿ ಬರೆದಿಡಬೇಕಾದ ಘನ ಸಂಗತಿಯೊಂದುಂಟು: ಆ ಮಂಗಳವಾರ ಮನೆಯಾಕೆ, ಗುಂಡಿ ಎಳೆದು ನೋಡದೆಯೇ, ಗಂಡನಿಗೆ ಅಂಗಿ ತೊಡಲು ಬಿಟ್ಟಳು.

ಹತ್ತೊಂಬತ್ತು ವರ್ಷ ಆಕೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕಿಂಗ್ ಮೇಜಿನವಳು. ಮೂಟೆಯಿಂದ ಇಪ್ಪತ್ತಕ್ಕೊಂದು ಅಂಗಿ ಎಳೆದು ನೋಡುವುದು. ಅದು ನೆಟ್ಟಗಿದ್ದರೆ ಇಡೀ ಮೂಟೆ ಪಾಸ್. ಅದರ ಹಿಂದಿನ ದಿನ, ಸೋಮವಾರ, ಆ ಮೇಜಿನ ಮೇಲೆ ಕ್ಯಾಮೆರಾ ಬಂದು ಕೂತಿತ್ತು. ಅದು ಪ್ರತಿ ಅಂಗಿಯನ್ನೂ ನೋಡುತ್ತದೆ, ಚಹಾ ಕೇಳುವುದಿಲ್ಲ. ಈಕೆಯೂ ಸೇರಿ ಹನ್ನೊಂದು ಮಂದಿ ಹೆಂಗಸರಿಗೆ ಒಂದೊಂದು ಚೆಕ್ಕು ಕೊಟ್ಟು, ನಾಳೆಯಿಂದ ಬರಬೇಡಿ ಎಂದು ಕೈಮುಗಿದರು.

ಆ ಹಣದಲ್ಲಿ ಗಂಡನ ಕಣ್ಣಿನ ಆಪರೇಷನ್ ಆಗಬೇಕಿತ್ತು. ಗಂಡ ಗಡಿಯಾರ ರಿಪೇರಿಯವನು. ಎಡಗಣ್ಣು ಆಗಲೇ ಕೈಕೊಟ್ಟಿತ್ತು, ಬಲಗಣ್ಣು ಅದರ ದಾರಿ ಹಿಡಿದಿತ್ತು.

ಆಕೆಯ ಫೋನಿನ ಗುಂಪೊಂದರಲ್ಲಿ ಮುಖ ತೋರದ ‘ಷೇರು ಮೇಷ್ಟ್ರು’ ಒಬ್ಬರಿದ್ದರು. ಕಾರ್ಖಾನೆಗೆ ಬಂದಂಥ ಯಂತ್ರ ಮಾಡುವ ಕಂಪನಿಗಳ ಷೇರು ಮೂರೇ ತಿಂಗಳಲ್ಲಿ ದುಪ್ಪಟ್ಟಾಗುವುದು ಖಾತ್ರಿ ಎಂದರು. ಕೊಳ್ಳಲು ತಮ್ಮದೇ ಒಂದು ಆ್ಯಪ್ ಕಳಿಸಿದರು.

“ನನ್ನ ಕೆಲಸ ತಿಂದ ಯಂತ್ರಾನೇ ನನಗೆ ಅನ್ನ ಹಾಕ್ಲಿ ಬಿಡು,” ಎಂದಳು ನಾದಿನಿಗೆ.

ನಾದಿನಿ ಬ್ಯಾಂಕಿನ ಕೌಂಟರಿನವಳು. “ಅತ್ತಿಗೆ, ಕಂಪನಿ ಬೆಳೀತಾ ಇದ್ರೂ ಅದರ ಷೇರು ನಾಳೆನೇ ಬೀಳಬಹುದು. ಖಾತ್ರಿ ಅನ್ನೋನು ಕಳ್ಳ. ಇವರಿಗೆ ಷೇರು ಮಾರೋಕೆ ಸರ್ಕಾರಿ ನೋಂದಣಿ ಇದ್ಯಾ, ನೋಡಿದ್ರಾ?”

“ನಂಗೇ ಚೆಕಿಂಗ್ ಹೇಳಿಕೊಡ್ತೀಯಾ? ಸ್ವಲ್ಪ ಹಾಕಿ, ವಾಪಸ್ ತೆಗೆದು ನೋಡಿದೀನಿ ಕಣೇ. ಲಾಭ ಸಮೇತ ಬಂತು. ಪಾಸ್!”

“ಮೂಟೆಯಿಂದ ನೀವು ಯಾವ ಅಂಗಿ ಎಳೀತೀರಿ ಅಂತ ಹೊಲಿದೋರಿಗೆ ಗೊತ್ತಿರಲ್ಲ. ಇವರು ಮೊದಲನೇದನ್ನ ನಿಮಗೆ ತೋರಿಸೋಕೇ ಹೊಲಿದಿರ್ತಾರೆ.”

“ಹೊಟ್ಟೆಯುರಿ ನಿಂಗೆ.”

“ನಿಮ್ಮಿಬ್ಬರ ಜಗಳದಲ್ಲಿ ನನ್ನ ಕಣ್ಣಿಗೆ ಓಟು ಇಲ್ವಾ?” ಎಂದ ಗಂಡ. ಯಾರೂ ನಗಲಿಲ್ಲ.

ಆಕೆ ಪೂರ್ತಿ ಹಾಕಿದಳು. ಆರೇ ವಾರದಲ್ಲಿ ಫೋನಿನ ಪರದೆಯಲ್ಲಿ ಅದು ದುಪ್ಪಟ್ಟಾಯಿತು. ಆಸ್ಪತ್ರೆಗೆಂದು ಬಿಡಿಸಲು ಹೋದರೆ ಮೊದಲು ತೆರಿಗೆ ಕಟ್ಟಿ ಎಂದರು. ಬಳೆ ಮಾರಿ ಕಟ್ಟಿದಳು. ಇನ್ನೊಂದು ತೆರಿಗೆ ಕೇಳಿದರು; ಕಟ್ಟಲು ಏನೂ ಉಳಿದಿರಲಿಲ್ಲ. ಮರುದಿನ ಗುಂಪೂ ಇಲ್ಲ, ಮೇಷ್ಟ್ರೂ ಇಲ್ಲ. ಪೊಲೀಸರು ಎಲ್ಲ ಬರೆದುಕೊಂಡು, ತಡವಾಯಿತಲ್ಲಮ್ಮ ಎಂದರು.

“ನೀನು ಹೇಳಿದ್ದೇ ಸರಿ ಕಣೇ,” ಎಂದಳು ನಾದಿನಿಗೆ. ನಾದಿನಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗುಂಪಿನಲ್ಲಿ ಬಂದ ಆ್ಯಪ್‌ಗೆ ಹಣ ಹಾಕಬೇಡಿ. ಮೊದಲ ಸಲ ವಾಪಸ್ ಬಂದದ್ದನ್ನು ನಂಬಬೇಡಿ. ಬಿಡಿಸಲು ಮತ್ತೆ ಹಣ ಕೇಳಿದರೆ ಕೊಡದೆ, ಆ ಗಳಿಗೆಯಲ್ಲೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ಚಿಕಿತ್ಸೆಗೆ ಇಟ್ಟದ್ದನ್ನು ಯಾವ ಷೇರಿಗೂ ಹಾಕಬೇಡಿ.

ಆಪರೇಷನ್ ಆಗಲಿಲ್ಲ. ಗಡಿಯಾರದ ಅಂಗಡಿಯಲ್ಲಿ ಈಗ ಬೇರೆಯವರಿದ್ದಾರೆ.